ಕಾರಿನ ಟ್ರಿಮ್‌ಗೆ ಮನೆಯಲ್ಲೇ ವಿನೈಲ್ ರ್ಯಾಪ್: ಅಂಚು ಗೆದ್ದರೆ ಕೆಲಸ ಗೆದ್ದಂತೆ

ಗೇರ್ ಲಿವರ್ ಸುತ್ತ, ಸ್ಕ್ರೀನಿನ ಕೆಳಗೆ, ಬಾಗಿಲಿನ ಪವರ್ ವಿಂಡೋ ಸ್ವಿಚ್ಚುಗಳ ಸುತ್ತ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಕೊಡುವುದು ಈಗಿನ ಕಾರುಗಳಲ್ಲಿ ರೂಢಿಯಾಗಿಬಿಟ್ಟಿದೆ. ಪಿಯಾನೊ ಬ್ಲ್ಯಾಕ್ ಅಂತ ಅದರ ಹೆಸರು. ಇಂಥ ಅಲಂಕಾರದ ಪಟ್ಟಿ, ಚೌಕಟ್ಟುಗಳಿಗೇ ಟ್ರಿಮ್ ಎನ್ನುವುದು. ಶೋರೂಮಿನ ದೀಪದಡಿ ಕಣ್ಣು ಕುಕ್ಕುತ್ತದೆ. ಮನೆಗೆ ತಂದು ನಾಲ್ಕು ಸಲ ಒಣ ಬಟ್ಟೆಯಲ್ಲಿ ಧೂಳು ಒರೆಸಿದಿರೋ, ಬಿಸಿಲು ಬಿದ್ದಾಗ ಸುತ್ತುಸುತ್ತಾದ ಸಣ್ಣ ಗೀರುಗಳು ಎದ್ದು ಕಾಣುತ್ತವೆ. ಹಳೆಯ ಕಾರಾದರೆ ಬೆಳ್ಳಿ ಬಣ್ಣದ ಪೇಂಟ್ ಬೆರಳು ತಾಗುವ ಕಡೆ ಸವೆದು ಒಳಗಿನ ಕಪ್ಪು ಇಣುಕುತ್ತಿರುತ್ತದೆ. ಕಂಪನಿಯಿಂದ ಹೊಸ ಪ್ಯಾನೆಲ್ ತರಿಸಬಹುದು, ದುಬಾರಿ. ಸ್ಪ್ರೇ ಪೇಂಟ್ ಹೊಡೆಸಬಹುದು, ಚೆನ್ನಾಗಿ ಬರದಿದ್ದರೆ ಹಿಂದಕ್ಕೆ ಹೋಗಲು ದಾರಿಯಿಲ್ಲ. ವಿನೈಲ್ ಫಿಲ್ಮ್, ಅಂದರೆ ಹಿಂಬದಿಗೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆ, ಸುತ್ತಿದರೆ ಕೆಳಗಿನ ಅಸಲಿ ಪ್ಯಾನೆಲ್ ಹಾಗೇ ಉಳಿಯುತ್ತದೆ. ಬೇಸರವಾದಾಗ, ಕಾರು ಮಾರುವಾಗ ಕಿತ್ತು ಹಾಕಿದರಾಯಿತು.

ಯೂಟ್ಯೂಬಿನಲ್ಲಿ ಈ ಕೆಲಸ ನೋಡಿದರೆ ಎರಡು ನಿಮಿಷದ ಆಟದಂತೆ ಕಾಣುತ್ತದೆ. ಎದುರಿನ ಸಪಾಟು ಭಾಗಕ್ಕೆ ಫಿಲ್ಮ್ ಕೂರಿಸುವುದು ನಿಜವಾಗಿಯೂ ಅಷ್ಟೇ ಸುಲಭ. ಆದರೆ ಒಂದು ಬೇಸಿಗೆ ಕಳೆದ ಮೇಲೂ ಅದು ಅಲ್ಲೇ ಇರುತ್ತದೋ, ಮೂಲೆಯಿಂದ ನಾಲಿಗೆ ಚಾಚುತ್ತದೋ ಎಂಬುದು ತೀರ್ಮಾನವಾಗುವುದು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಪ್ಯಾನೆಲ್‌ನ ಹಿಂಬದಿಗೆ ಮಡಚಿದ ಒಂದು ಸೆಂಟಿಮೀಟರಿನಲ್ಲಿ. ಈ ಬರಹದಲ್ಲಿ ಅಂಚಿನ ಮಾತು ಪದೇ ಪದೇ ಬರುವುದು ಅದಕ್ಕೇ.

ಎಲ್ಲಿ ಸುತ್ತಬಹುದು, ಎಲ್ಲಿ ಕೈ ಹಾಕಬಾರದು

ಮೊದಲ ಸಲ ಮಾಡುವವರು ಬಿಚ್ಚಲು ಬರುವ, ಹೆಚ್ಚು ಕಡಿಮೆ ಸಪಾಟಾದ, ನುಣುಪಾದ ಒಂದು ತುಂಡು ಆರಿಸಿಕೊಳ್ಳಿ. ಡ್ಯಾಶ್‌ಬೋರ್ಡಿನ ಉದ್ದ ಪಟ್ಟಿ ಅಥವಾ ಬಾಗಿಲಿನ ಒಳಗಿನ ಅಲಂಕಾರದ ಪಟ್ಟಿ ಸರಿಯಾದ ಆಯ್ಕೆ. ಗೇರ್ ಲಿವರ್ ಸುತ್ತಲಿನ ಚೌಕಟ್ಟು ಎರಡನೆಯ ಮೆಟ್ಟಿಲು. ಎಸಿ ವೆಂಟಿನ ರೆಕ್ಕೆಗಳು, ಕಪ್ ಹೋಲ್ಡರಿನ ಒಳಗೋಡೆ, ಬಾಗಿಲಿನ ಒಳ ಹಿಡಿಕೆ ಇವೆಲ್ಲ ಪಳಗಿದ ಕೈಯವರಿಗೂ ತಲೆನೋವು.

ಚುಕ್ಕಿಚುಕ್ಕಿಯಾದ, ಚರ್ಮದ ಗೆರೆ ಅಚ್ಚೊತ್ತಿದ ಒರಟು ಪ್ಲಾಸ್ಟಿಕ್ಕಿಗೆ ಫಿಲ್ಮ್ ನಿಲ್ಲುವುದಿಲ್ಲ. ಬಂಪರಿನ ಕೆಳಭಾಗದ, ಚಕ್ರದ ಮೇಲಿನ ಬಣ್ಣವಿಲ್ಲದ ಕಪ್ಪು ಕ್ಲಾಡಿಂಗ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಆಗಿರುತ್ತದೆ. ಅಂಟು ಹಿಡಿಯದಿರುವುದೇ ಆ ಪ್ಲಾಸ್ಟಿಕ್ಕಿನ ಗುಣ. ಅದರ ಮೇಲೆ ದುಡ್ಡು ಸುರಿಯಬೇಡಿ.

ಇನ್ನೊಂದು ಎಚ್ಚರಿಕೆಯಲ್ಲಿ ರಾಜಿಯೇ ಇಲ್ಲ. ಎಸ್‌ಆರ್‌ಎಸ್ ಏರ್‌ಬ್ಯಾಗ್ ಎಂದು ಬರೆದಿರುವ ಯಾವ ಭಾಗಕ್ಕೂ ಫಿಲ್ಮ್ ಹಚ್ಚಬಾರದು. ಸ್ಟೀರಿಂಗಿನ ನಡುಭಾಗ, ಪಕ್ಕದ ಸೀಟಿನ ಎದುರಿನ ಡ್ಯಾಶ್‌ಬೋರ್ಡ್ ಮುಚ್ಚಳ, ಬದಿಯ ಕಿಟಕಿಗಳ ಮೇಲೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ವಿಂಡ್‌ಶೀಲ್ಡಿನ ಎರಡೂ ಬದಿಯ ಕಂಬಗಳು ಈ ಪಟ್ಟಿಗೆ ಸೇರುತ್ತವೆ. ಅಪಘಾತದ ಕ್ಷಣದಲ್ಲಿ ಆ ಮುಚ್ಚಳ ಇಂಥಲ್ಲೇ ಹರಿದು ತೆರೆದುಕೊಳ್ಳಬೇಕು ಎಂದು ಲೆಕ್ಕ ಹಾಕಿ ಮಾಡಿರುತ್ತಾರೆ. ಅದರ ಮೇಲೆ ಹಿಗ್ಗುವ ಹಾಳೆಯೊಂದನ್ನು ಬಿಗಿದು ಆ ಲೆಕ್ಕ ಕೆಡಿಸಬಾರದು. ಅಡಾಸ್ (ಚಾಲಕನಿಗೆ ನೆರವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಕಾರುಗಳಲ್ಲಿ ಮುಂದಿನ ಲೋಗೋ ಅಥವಾ ಗ್ರಿಲ್ ಹಿಂದೆ ರಾಡಾರ್ ಕೂತಿರಬಹುದು, ಅದನ್ನೂ ಮುಚ್ಚಬೇಡಿ. ದೀಪ, ರಿಫ್ಲೆಕ್ಟರ್, ನಂಬರ್ ಪ್ಲೇಟ್, ಕಿಟಕಿ ಗಾಜು ಈ ಕೆಲಸದ ವ್ಯಾಪ್ತಿಗೇ ಬರುವುದಿಲ್ಲ. ಇಡೀ ಕಾರಿನ ಬಣ್ಣ ಬದಲಿಸಿದರೆ ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ಬರೆಸಬೇಕಾಗುತ್ತದೆ. ಒಳಗಿನ ಪಟ್ಟಿಗೆ ಫಿಲ್ಮ್ ಸುತ್ತಲು ಆ ಗೋಜಿಲ್ಲ.

ಫಿಲ್ಮ್ ಕೊಳ್ಳುವಾಗ

ಅಂಗಡಿಯಲ್ಲಿ ಎಲ್ಲ ಹಾಳೆಯೂ ಒಂದೇ ತರಹ ಕಾಣುತ್ತದೆ. ಒಳಗೆ ಮಾತ್ರ ಎರಡು ಜಾತಿ. ಕರಗಿಸಿದ ಪಿವಿಸಿಯನ್ನು ತೆಳುವಾಗಿ ಹರವಿ ಒಲೆಯಲ್ಲಿ ಒಣಗಿಸಿ ಮಾಡಿದ್ದು ಕಾಸ್ಟ್ ಫಿಲ್ಮ್. ಬಿಸಿ ರೋಲರುಗಳ ನಡುವೆ ಒತ್ತಿ ಎಳೆದು ಮಾಡಿದ್ದು ಕ್ಯಾಲೆಂಡರ್ಡ್ ಫಿಲ್ಮ್. ಎರಡನೆಯದನ್ನು ಹುಟ್ಟುವಾಗಲೇ ಎಳೆದಿರುವುದರಿಂದ ಅದರೊಳಗೆ ಬಿಗುವು ಉಳಿದಿರುತ್ತದೆ. ಬಿಸಿಲಿನ ಕಾವು ಸಿಕ್ಕಿದಾಗೆಲ್ಲ ಅದು ಕುಗ್ಗಲು ನೋಡುತ್ತದೆ. ಸಪಾಟಾದ ಬೋರ್ಡಿಗೆ ಅದು ನಡೆಯುತ್ತದೆ. ಟ್ರಿಮ್ ಎಂದರೆ ಬರೀ ಮೂಲೆ, ತಿರುವು. ಹಾಗಾಗಿ ಕಾಸ್ಟ್ ಫಿಲ್ಮೇ ಬೇಕು. 3ಎಂ ಕಂಪನಿಯ 2080 ಸರಣಿ, ಏವರಿ ಡೆನಿಸನ್ನಿನ ಸುಪ್ರೀಮ್ ರ್ಯಾಪಿಂಗ್ ಫಿಲ್ಮ್, ಒರಾಫೋಲ್‌ನವರ ಒರಾಕಲ್ 970 ಈ ಜಾತಿಯವು. ಅಂಟೂ ಸೇರಿ ಇವುಗಳ ದಪ್ಪ ಸುಮಾರು 80ರಿಂದ 110 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ 5ಡಿ ಕಾರ್ಬನ್, 6ಡಿ ಕಾರ್ಬನ್ ಎಂದು ಕಾರ್ಬನ್ ಫೈಬರಿನ ನೇಯ್ಗೆಯಂತೆ ಹೊಳೆಯುವ ರೋಲುಗಳನ್ನು ತೂಗುಹಾಕಿರುತ್ತಾರೆ. ಆ ಸಂಖ್ಯೆಗಳಿಂದ ಗುಣಮಟ್ಟ ಏನೂ ಗೊತ್ತಾಗದು. ಅಂಗಡಿಯವರ ಮಾತಿಗಿಂತ ಸರಳವಾದ ಪರೀಕ್ಷೆಯೊಂದಿದೆ. ಅಂಗೈಯಗಲದ ಚೂರೊಂದನ್ನು ಕೇಳಿ ತನ್ನಿ. ಅಂಚನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಹಳೆಯ ಸ್ಟೀಲ್ ಡಬ್ಬದ ಮುಚ್ಚಳಕ್ಕೆ ಅಂಟಿಸಿ, ಬಿಸಿಲಿಗೆ ಕೆಲವು ದಿನ ಇಡಿ. ಆಮೇಲೆ ಅಂಚನ್ನು ಹತ್ತಿರದಿಂದ ನೋಡಿ. ಫಿಲ್ಮ್ ಒಳಕ್ಕೆ ಸರಿದು, ಸುತ್ತಲೂ ಅಂಟಿನ ಸಣ್ಣ ಗೆರೆ ಹೊರಬಿದ್ದು ಅದಕ್ಕೆ ಧೂಳು ಮೆತ್ತಿಕೊಂಡಿದ್ದರೆ ಆ ಮಾಲು ಬೇಡ. ನಿಮ್ಮ ಡ್ಯಾಶ್‌ಬೋರ್ಡಿನಲ್ಲೂ ಅದೇ ಆಗುತ್ತದೆ.

ಅಂಟಿನ ಬದಿಯಲ್ಲಿ ಗಾಳಿ ಹೊರಹೋಗಲು ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳಿರುವ ಫಿಲ್ಮನ್ನೇ ಕೇಳಿ. ಗುಳ್ಳೆಯ ಕಾಟ ಅರ್ಧ ಅಲ್ಲೇ ತಪ್ಪುತ್ತದೆ. ಸ್ಟಿಕರ್ ಅಂಗಡಿಯವರು ಸೋಪು ನೀರು ಚಿಮುಕಿಸಿ ಅಂಟಿಸುವುದನ್ನು ನೋಡಿ ಅದನ್ನು ಇಲ್ಲಿ ಮಾಡಲು ಹೋಗಬೇಡಿ. ಈ ಫಿಲ್ಮುಗಳನ್ನು ಒಣಗಿದ್ದಂತೆಯೇ ಅಂಟಿಸಬೇಕು. ನೀರು ಆ ಕಾಲುವೆಗಳಲ್ಲಿ ಸಿಕ್ಕಿಕೊಂಡರೆ ಅಂಟಿಗೆ ಬಲವೇ ಬರುವುದಿಲ್ಲ.

ಬಣ್ಣದ ಬಗ್ಗೆ ನನ್ನದೊಂದು ಪಕ್ಷಪಾತವಿದೆ. ಒಳಗಿನ ಟ್ರಿಮ್‌ಗೆ ಹೊಳಪಿಲ್ಲದ ಮ್ಯಾಟ್ ಅಥವಾ ತುಸು ಹೊಳಪಿನ ಸ್ಯಾಟಿನ್ ಕಪ್ಪು, ಇಲ್ಲವೇ ಗೆರೆ ಗೆರೆ ಲೋಹದಂತೆ ಕಾಣುವ ಗಾಢ ಬೂದು ಬಣ್ಣದ ಬ್ರಶ್ಡ್ ಮೆಟಲ್ ಚೆನ್ನ. ಗೀರು ಬಿದ್ದ ಹೊಳೆಯುವ ಪ್ಲಾಸ್ಟಿಕ್ ಮೇಲೆ ಮತ್ತೆ ಹೊಳೆಯುವ ಫಿಲ್ಮ್ ಹಾಕಿದರೆ ತೊಂದರೆ ಹಾಗೇ ಉಳಿಯುತ್ತದೆ, ಸಾಲದ್ದಕ್ಕೆ ಕೆಳಗೆ ಸಿಕ್ಕ ಒಂದೊಂದು ಧೂಳಿನ ಕಣವೂ ಮೊಡವೆಯ ಹಾಗೆ ಎದ್ದು ತೋರುತ್ತದೆ. ಬ್ರಶ್ಡ್ ಮತ್ತು ಕಾರ್ಬನ್ ವಿನ್ಯಾಸಕ್ಕೆ ದಿಕ್ಕು ಇದೆ. ಡ್ಯಾಶ್‌ಬೋರ್ಡಿನ ಪಟ್ಟಿಯ ಗೆರೆ ಅಡ್ಡಕ್ಕೆ, ಬಾಗಿಲಿನದು ಉದ್ದಕ್ಕೆ ಹೋದರೆ ಎರಡು ಬೇರೆ ಬೇರೆ ಕಾರಿನ ಭಾಗದಂತೆ ಕಾಣುತ್ತದೆ. ಕತ್ತರಿಸುವ ಮುನ್ನ ಹಿಂದಿನ ಕಾಗದದ ಮೇಲೆ ಬಾಣದ ಗುರುತು ಹಾಕಿಕೊಳ್ಳಿ.

ರೋಲಿನ ಅಗಲ ಸಾಮಾನ್ಯವಾಗಿ 152 ಸೆಂಟಿಮೀಟರ್, ಅಂದರೆ ಐದು ಅಡಿ. ಉದ್ದವನ್ನು ಅಡಿ ಅಥವಾ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಹ್ಯಾಚ್‌ಬ್ಯಾಕ್ ಒಂದರ ಒಳ ಟ್ರಿಮ್‌ಗೆ ಒಂದು ಮೀಟರ್ ತಂದರೆ ಸಾಮಾನ್ಯವಾಗಿ ಸಾಕು, ಕೆಟ್ಟರೆ ಮತ್ತೆ ಮಾಡಲೂ ಉಳಿಯುತ್ತದೆ.

ಬೇಕಾದ ಸಾಮಾನು

ಅಂಚಿಗೆ ಫೆಲ್ಟ್ ಬಟ್ಟೆ ಅಂಟಿಸಿದ ಸ್ಕ್ವೀಜಿ (ಫಿಲ್ಮನ್ನು ಒತ್ತಿ ಕೂರಿಸುವ ಪ್ಲಾಸ್ಟಿಕ್ ಹಲಗೆ), 30 ಡಿಗ್ರಿ ಮೊನೆಯ 9 ಮಿಲಿಮೀಟರ್ ಕಟರ್, ಧಾರಾಳವಾಗಿ ಬಿಡಿ ಬ್ಲೇಡು, ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಮೈಕ್ರೋಫೈಬರ್ ಬಟ್ಟೆ, ಪ್ಯಾನೆಲ್ ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿಗಳ ಸೆಟ್, ಮಾಸ್ಕಿಂಗ್ ಟೇಪ್. ಬಿಸಿ ಮಾಡಲು ಕೂದಲು ಒಣಗಿಸುವ ಡ್ರೈಯರ್ ಬಹುಪಾಲು ಕೆಲಸಕ್ಕೆ ಸಾಕು. ಕೊನೆಯ ಬಿಸಿಗೆ ಹೀಟ್ ಗನ್ ಇದ್ದರೆ ಅನುಕೂಲ. ಹೀಟ್ ಗನ್ ತರುವುದಾದರೆ ಜೊತೆಗೆ ದೂರದಿಂದಲೇ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನೂ ತನ್ನಿ, ಯಾಕೆಂದು ಮುಂದೆ ಹೇಳುತ್ತೇನೆ.

ಬ್ಲೇಡಿನ ವಿಷಯದಲ್ಲಿ ಜಿಪುಣತನ ಬೇಡ. ಒಂದೆರಡು ಪ್ಯಾನೆಲ್ ಆದ ಕೂಡಲೇ ತುದಿ ಮುರಿದು ಹೊಸ ಮೊನೆ ಮಾಡಿಕೊಳ್ಳಿ. ಮೊಂಡು ಬ್ಲೇಡು ಫಿಲ್ಮನ್ನು ಕತ್ತರಿಸುವ ಬದಲು ಎಳೆಯುತ್ತದೆ. ಎಳೆದ ಅಂಚು ಮುಂದೆ ಎದ್ದೇಳುವ ಅಂಚು.

ಪ್ಯಾನೆಲ್ ಬಿಚ್ಚುವುದು

ಕಾರಿನಲ್ಲೇ ಇಟ್ಟು ಸುತ್ತುವುದಕ್ಕಿಂತ ಬಿಚ್ಚಿ ಮೇಜಿನ ಮೇಲೆ ಇಟ್ಟು ಸುತ್ತುವುದು ಯಾವಾಗಲೂ ಮೇಲು. ಹಿಂಬದಿಗೆ ಮಡಚಲು ಸಿಗುವುದು ಆಗ ಮಾತ್ರ. ನಿಮ್ಮ ಮಾಡೆಲಿನ ಹೆಸರು ಹಾಕಿ ಪ್ಯಾನೆಲ್ ತೆಗೆಯುವ ವಿಡಿಯೊ ಹುಡುಕಿ ಮೊದಲು ಪೂರ್ತಿ ನೋಡಿ. ಕ್ಲಿಪ್ ಎಲ್ಲಿದೆ, ಸ್ಕ್ರೂ ಯಾವ ಮುಚ್ಚಳದಡಿ ಅಡಗಿದೆ ಎಂದು ತಿಳಿಯದೆ ಎಳೆದರೆ ಕ್ಲಿಪ್ ಮುರಿಯುತ್ತದೆ.

ಇಗ್ನಿಶನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ, ಕೆಲವು ನಿಮಿಷ ಬಿಟ್ಟು ಕೆಲಸ ಶುರು ಮಾಡಿ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಸಾಮಾನ್ಯವಾಗಿ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ಬ್ಯಾಟರಿ ಕಳಚಿರುವಾಗ ಉಳಿದ ಕನೆಕ್ಟರ್ ತೆಗೆದರೆ ತಂಟೆ ಕಡಿಮೆ. ಇಗ್ನಿಶನ್ ಆನ್ ಇದ್ದಾಗ ತೆಗೆದರೆ ಎಚ್ಚರಿಕೆ ದೀಪ ಹೊತ್ತಿಕೊಂಡು ಸರ್ವಿಸ್ ಸೆಂಟರಿಗೆ ಅಲೆಯಬೇಕಾದೀತು. ಪ್ಲಾಸ್ಟಿಕ್ ಪಟ್ಟಿಯನ್ನು ಸಂದಿಗೆ ತೂರಿಸಿ, ಕ್ಲಿಪ್ ಇರುವ ಕಡೆ ಮಾತ್ರ ನೇರ ಎಬ್ಬಿಸಿ. ಸ್ಕ್ರೂ ಡ್ರೈವರ್ ತೂರಿಸಿದರೆ ಪಕ್ಕದ ಡ್ಯಾಶ್‌ಬೋರ್ಡಿನ ಮೇಲೆ ಬೀಳುವ ಗುರುತನ್ನು ಯಾವ ಫಿಲ್ಮೂ ಮುಚ್ಚದು. ಬಿಚ್ಚಿದ ಸ್ಕ್ರೂಗಳನ್ನು ಮಾಸ್ಕಿಂಗ್ ಟೇಪಿಗೆ ಅಂಟಿಸಿ, ಎಲ್ಲಿಯದೆಂದು ಅಲ್ಲೇ ಬರೆದಿಡಿ. ಪ್ಯಾನೆಲ್‌ನ ಹಿಂಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.

ತೊಳೆಯುವುದು, ಒರೆಸುವುದು

ನಮ್ಮಲ್ಲಿ ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚುವುದು ಒಂದು ಚಟ. ವಾಟರ್ ವಾಶ್‌ಗೆ ಬಿಟ್ಟರೆ ಕೇಳದೆಯೇ ಹೊಳಪು ಬಳಿದು ಕೊಡುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಇರುವ ಸಿಲಿಕೋನ್ ಅಂಟಿಗೆ ನೇರ ಶತ್ರು. ಒಂದು ಸಲ ಒರೆಸಿದ ಮಾತ್ರಕ್ಕೆ ಹೋಗುವುದಿಲ್ಲ, ಗೆರೆ, ಸಂದಿ, ಅಂಚಿನ ಮಡಿಕೆಗಳಲ್ಲಿ ಕುಳಿತಿರುತ್ತದೆ. ಬಿಚ್ಚಿದ ಪ್ಯಾನೆಲ್‌ನಲ್ಲಿ ವಿದ್ಯುತ್ ಭಾಗ ಇಲ್ಲವೆಂದು ಖಾತ್ರಿಯಾದರೆ ಪಾತ್ರೆ ತೊಳೆಯುವ ದ್ರವ ಹಾಕಿದ ಉಗುರು ಬೆಚ್ಚಗಿನ ನೀರಿನಲ್ಲಿ ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ ತೊಳೆದು ಪೂರ್ತಿ ಒಣಗಿಸಿ. ಹಿಂಬದಿಯ ಅಂಚನ್ನೂ ಅಷ್ಟೇ ಮುತುವರ್ಜಿಯಿಂದ ಉಜ್ಜಬೇಕು. ಮುಂಭಾಗ ಕನ್ನಡಿಯಂತೆ ಮಾಡಿ ಹಿಂಭಾಗದ ಧೂಳು ಬಿಟ್ಟರೆ ಮಡಚಿದ ಅಂಚು ಧೂಳಿಗೆ ಅಂಟಿರುತ್ತದೆಯೇ ಹೊರತು ಪ್ಲಾಸ್ಟಿಕ್ಕಿಗಲ್ಲ.

ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್, 70 ಭಾಗಕ್ಕೆ 30 ಭಾಗ ನೀರು. ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮುನ್ನವೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಕೂರುತ್ತದೆ. ಥಿನ್ನರ್ ಬೇಡ, ನೇಲ್ ಪಾಲಿಶ್ ರಿಮೂವರ್ ಖಂಡಿತ ಬೇಡ. ಅದರಲ್ಲಿರುವ ಅಸಿಟೋನ್, ಟ್ರಿಮ್ಮಿಗೆ ಬಳಸುವ ಎಬಿಎಸ್ ಎಂಬ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಆಲ್ಕೊಹಾಲ್ ಬೆಂಕಿಗೆ ಬೇಗ ಹತ್ತಿಕೊಳ್ಳುವಂಥದ್ದು. ಕಿಟಕಿ ತೆರೆದಿಡಿ, ಬಾಟಲಿ ಮುಚ್ಚಿ ದೂರ ಇಟ್ಟ ಮೇಲೆಯೇ ಹೀಟ್ ಗನ್ ಕೈಗೆತ್ತಿಕೊಳ್ಳಿ.

ಗೀರು ಸಣ್ಣದಾದರೆ ಫಿಲ್ಮ್ ಮುಚ್ಚುತ್ತದೆ. ಉಗುರಿಗೆ ತಾಗುವಷ್ಟು ಆಳವಿದ್ದರೆ ಫಿಲ್ಮಿನ ಮೇಲೂ ಮೂಡುತ್ತದೆ. ಅಂಥ ಕಡೆ, ಪೇಂಟ್ ಎದ್ದ ಕಡೆ 600 ನಂಬರಿನ ನೀರು ಕಾಗದದಲ್ಲಿ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಸಮ ಮಾಡಿ ಮತ್ತೆ ಒರೆಸಿ. ಹೀಗೆ ಉಜ್ಜಿದ ಮೇಲೆ ಅಸಲಿ ಮೇಲ್ಮೈಗೆ ಮರಳುವ ಆಸೆ ಬಿಡಬೇಕು.

ಜಾಗ ಮತ್ತು ಹೊತ್ತು

ಮನೆಯೊಳಗೆ, ಫ್ಯಾನ್ ನಿಲ್ಲಿಸಿದ ಕೋಣೆ ಒಳ್ಳೆಯದು. ಪೋರ್ಟಿಕೋದಲ್ಲೇ ಮಾಡಬೇಕಾದರೆ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ. ಉಣ್ಣೆಯ ಸ್ವೆಟರ್ ಹಾಕಿಕೊಂಡು ಕೂರಬೇಡಿ, ಅದರ ನೂಲೇ ಫಿಲ್ಮಿನಡಿ ಸೇರುತ್ತದೆ.

ಹವೆ 20ರಿಂದ 28 ಡಿಗ್ರಿ ಇದ್ದರೆ ಫಿಲ್ಮ್ ಹೇಳಿದ ಮಾತು ಕೇಳುತ್ತದೆ. ಡಿಸೆಂಬರಿನ ಬೆಳಗಿನ ಜಾವ ಬೆಂಗಳೂರಿನ ಚಳಿಯಲ್ಲಿ ಅದು ಬಿರುಸಾಗಿರುತ್ತದೆ, ಅಂಟೂ ಹಿಡಿಯದು. ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ 40 ದಾಟಿದಾಗ ಅಂಟು ಮುಟ್ಟಿದಲ್ಲೇ ಕಚ್ಚಿಕೊಳ್ಳುತ್ತದೆ, ಎತ್ತಿ ಮತ್ತೆ ಕೂರಿಸಲು ಹೋದರೆ ಫಿಲ್ಮ್ ಹಿಗ್ಗಿಹೋಗುತ್ತದೆ. ಅಲ್ಲಿಯವರಿಗೆ ಬೆಳಗಿನ ಎಂಟು ಗಂಟೆಯೇ ಸರಿ. ಕರಾವಳಿಯವರು ಮಳೆಗಾಲದಲ್ಲಿ ಪ್ಯಾನೆಲ್ಲನ್ನು ಡ್ರೈಯರಿನಿಂದ ಒಂದು ಸುತ್ತು ಬೆಚ್ಚಗೆ ಮಾಡಿ ತೇವ ಓಡಿಸಿ.

ಅಂಟಿಸುವುದು

ಪ್ಯಾನೆಲ್ಲನ್ನು ಫಿಲ್ಮಿನ ಮೇಲೆ ಇಟ್ಟು, ಸುತ್ತಲೂ ನಾಲ್ಕರಿಂದ ಐದು ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ. ಉಳಿತಾಯ ಮಾಡಲು ಹೋಗಿ ಎರಡು ಸೆಂಟಿಮೀಟರ್ ಬಿಟ್ಟರೆ ಮೂಲೆಯಲ್ಲಿ ಬೆರಳಿಗೆ ಹಿಡಿಯಲು ಏನೂ ಸಿಗದು.

ಹಿಂದಿನ ಕಾಗದ ಸುಲಿಯುವಾಗ ಫಿಲ್ಮನ್ನು ಕಾಗದದಿಂದ ಎಳೆಯಬೇಡಿ. ಫಿಲ್ಮನ್ನು ಅಂಟಿನ ಬದಿ ಮೇಲಾಗುವಂತೆ ಮೇಜಿನ ಮೇಲೆ ಸಪಾಟಾಗಿಟ್ಟು ಕಾಗದವನ್ನು ಅದರ ಮೇಲೇ ಹಿಂದಕ್ಕೆ ಮಡಚುತ್ತಾ ಸುಲಿಯಿರಿ. ಆಗ ಫಿಲ್ಮಿಗೆ ಎಳೆತ ಬೀಳುವುದಿಲ್ಲ. ಇನ್ನೊಬ್ಬರು ಎದುರು ಬದಿ ಹಿಡಿದರೆ ಇನ್ನೂ ಒಳ್ಳೆಯದು. ಈಗ ಫಿಲ್ಮನ್ನು ತಿರುಗಿಸಿ, ಸಡಿಲವಾಗಿ ಪ್ಯಾನೆಲ್ ಮೇಲೆ ಇಳಿಸಿ. ಬಿಗಿಯಾಗಿ ಎಳೆದು ಹಿಡಿಯುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ಈಗ ಎಳೆದದ್ದನ್ನು ಫಿಲ್ಮ್ ಮರೆಯುವುದಿಲ್ಲ, ಬಿಸಿಲು ಬಿದ್ದ ದಿನ ಮೊದಲಿದ್ದ ಅಳತೆಗೆ ಮರಳಲು ಹವಣಿಸುತ್ತದೆ.

ಸ್ಕ್ವೀಜಿಯನ್ನು 45 ಡಿಗ್ರಿ ಓರೆಯಾಗಿ ಹಿಡಿದು ನಡುವಿನಿಂದ ಹೊರಕ್ಕೆ ಒತ್ತಿ. ಒಂದೊಂದು ಎಳೆತವೂ ಹಿಂದಿನ ಎಳೆತದ ಅರ್ಧವನ್ನು ಮುಚ್ಚಬೇಕು. ಉದ್ದ ಪಟ್ಟಿಯಾದರೆ ನಡುವೆ ಒಂದು ಅಡ್ಡ ಗೆರೆ ಕೂರಿಸಿ, ಆಮೇಲೆ ಎಡಕ್ಕೆ, ಆಮೇಲೆ ಬಲಕ್ಕೆ. ಸುಕ್ಕು ಬಂದಿತೋ, ಒತ್ತಿ ಚಪ್ಪಟೆ ಮಾಡಲು ಹೋಗಬೇಡಿ. ಸುಕ್ಕಿನ ಆಚೆಗಿನ ಭಾಗವನ್ನು ನಿಧಾನ ಎತ್ತಿ, ಡ್ರೈಯರಿನಿಂದ ಬೆಚ್ಚಗೆ ಮಾಡಿ ಗಾಳಿಯಲ್ಲಿ ಹಿಡಿದುಕೊಳ್ಳಿ. ಕಣ್ಣೆದುರೇ ಸುಕ್ಕು ಕರಗಿ ಫಿಲ್ಮ್ ನಯವಾಗುತ್ತದೆ. ಅದನ್ನು ನೋಡಿದ ಮೇಲೆ ಭಯ ಹೋಗುತ್ತದೆ. ಬಿಸಿ ಅತಿಯಾದರೆ ಮಾತ್ರ ಕೆಂಡದ ಮೇಲಿನ ಹಪ್ಪಳದ ಹಾಗೆ ಮುರುಟಿಕೊಳ್ಳುತ್ತದೆ, ಆ ತುಂಡು ಕಸಕ್ಕೆ.

ಧೂಳಿನ ಕಣ ಸಿಕ್ಕಿದ್ದು ಕಂಡರೆ ಆ ಕ್ಷಣವೇ ಎತ್ತಿ, ಮಾಸ್ಕಿಂಗ್ ಟೇಪಿನ ತುದಿಯಿಂದ ಅದನ್ನು ಹೆಕ್ಕಿ ತೆಗೆದು ಮತ್ತೆ ಕೂರಿಸಿ. ಗಾಳಿ ಗುಳ್ಳೆ ಉಳಿದಿದ್ದರೆ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ಒತ್ತಿದರೆ ಸಾಕು, ಬ್ಲೇಡಿನಿಂದ ಸೀಳಬಾರದು.

ತಿರುವು, ಗುಳಿ, ತೂತು

ಹೊರಕ್ಕೆ ಉಬ್ಬಿದ ಮೂಲೆಯಲ್ಲಿ ಫಿಲ್ಮನ್ನು ಬೆಚ್ಚಗೆ ಮಾಡಿ, ಮೂಲೆಗೆ ಓರೆಯಾಗಿ, ಎರಡೂ ಕೈಯಿಂದ ಸಮನಾಗಿ ಎಳೆದು ಇಳಿಸಬೇಕು. ಅಲ್ಪಸ್ವಲ್ಪ ಹಿಗ್ಗಿಸುವುದು ಅನಿವಾರ್ಯ. ಬಣ್ಣ ಮಂಕಾದರೆ, ಕಾರ್ಬನ್ನಿನ ಚೌಕಗಳು ಉದ್ದುದ್ದವಾದರೆ ಅತಿಯಾಯಿತು ಎಂದು ಅರ್ಥ.

ಒಳಕ್ಕೆ ತಗ್ಗಾದ ಗುಳಿಯಲ್ಲಿ ಕ್ರಮ ತಿರುಗುಮುರುಗು. ಮೊದಲು ಸುತ್ತಲಿನ ಎತ್ತರದ ಭಾಗಕ್ಕೆ ಅಂಟಿಸಿ ಆಮೇಲೆ ಗುಳಿಯೊಳಕ್ಕೆ ಒತ್ತಿದರೆ ಫಿಲ್ಮ್ ಡೋಲಿನ ಚರ್ಮದಷ್ಟು ಬಿಗಿಯಾಗುತ್ತದೆ, ಕಾರು ಬಿಸಿಲಿನಲ್ಲಿ ನಿಂತ ದಿನ ಎದ್ದುಬಿಡುತ್ತದೆ. ಬೆಚ್ಚಗಿನ ಫಿಲ್ಮನ್ನು ಕೈಗವಸು ಹಾಕಿದ ಬೆರಳಿನಿಂದ ಮೊದಲು ಗುಳಿಯ ತಳಕ್ಕೆ ಕೂರಿಸಿ, ಅಲ್ಲಿಂದ ಗೋಡೆ ಹತ್ತಿ ಮೇಲೆ ಬನ್ನಿ. ಗುಳಿ ತೀರಾ ಆಳವಿದ್ದರೆ ಒಂದೇ ಹಾಳೆಯ ಹಟ ಬಿಡಿ. ತಳಕ್ಕೊಂದು ತುಂಡು ಮೊದಲು ಅಂಟಿಸಿ, ಮೇಲಿನ ಹಾಳೆ ಅದರ ಮೇಲೆ ಮೂರ್ನಾಲ್ಕು ಮಿಲಿಮೀಟರ್ ಬರುವಂತೆ ಕತ್ತರಿಸಿದರೆ ಮ್ಯಾಟ್ ಕಪ್ಪಿನಲ್ಲಿ ಜೋಡಣೆ ಕಾಣುವುದೇ ಇಲ್ಲ.

ಸ್ವಿಚ್ಚಿನ ತೂತುಗಳನ್ನು ಮೊದಲೇ ಕತ್ತರಿಸಬೇಡಿ. ಇಡೀ ಹಾಳೆ ಕೂರಿಸಿದ ಮೇಲೆ ತೂತಿನ ನಡುವಿನಿಂದ ಮೂಲೆಗಳ ಕಡೆಗೆ ಓರೆಯಾಗಿ ಸೀಳಿ, ಮೂಲೆಗೆ ಮೂರು ಮಿಲಿಮೀಟರ್ ಮುಂಚೆ ನಿಲ್ಲಿಸಿ, ರೆಕ್ಕೆಗಳನ್ನು ಒಳಕ್ಕೆ ಮಡಚಿ. ಬಟನ್ ಚಲಿಸುವ ಜಾಗದಲ್ಲಿ ಒಂದು ವಿಷಯ ನೆನಪಿರಲಿ. ಎರಡು ಬದಿಯ ಫಿಲ್ಮಿನ ದಪ್ಪ ಸೇರಿ ಸಂದಿ ಕಿರಿದಾಗುತ್ತದೆ. ಬಟನ್ ಸಿಕ್ಕಿಕೊಳ್ಳುವಷ್ಟು ಬಿಗಿ ಎನಿಸಿದರೆ ಒಳ ಮಡಿಕೆಯನ್ನು ಎರಡು ಮಿಲಿಮೀಟರಿಗೆ ಇಳಿಸಿ.

ಅಂಚು ಮಡಚುವುದು, ಕೊನೆಯ ಬಿಸಿ

ಪ್ಯಾನೆಲ್ಲನ್ನು ಮೆತ್ತಗಿನ ಟವೆಲಿನ ಮೇಲೆ ಬೋರಲು ಹಾಕಿ. ನೇರ ಅಂಚುಗಳನ್ನು ಮೊದಲು ಹಿಂದಕ್ಕೆ ಮಡಚಿ, ಮೂಲೆಗಳನ್ನು ಕೊನೆಗೆ ಉಳಿಸಿಕೊಳ್ಳಿ. ಹಿಂಬದಿಗೆ ಹತ್ತು ಮಿಲಿಮೀಟರ್ ಸಿಕ್ಕರೆ ನಿಶ್ಚಿಂತೆ, ಐದಕ್ಕಿಂತ ಕಡಿಮೆ ಬೇಡ. ಮೂಲೆಯಲ್ಲಿ ಹೆಚ್ಚುವರಿ ಫಿಲ್ಮ್ ಗುಡ್ಡೆಯಾಗುತ್ತದೆ. ಅಲ್ಲಿ ತ್ರಿಕೋನದ ತುಂಡೊಂದನ್ನು ಕತ್ತರಿಸಿ ತೆಗೆಯಬೇಕು. ಕತ್ತರಿಯ ಗೆರೆ ಮಾತ್ರ ಹಿಂಬದಿಯಲ್ಲೇ ಮುಗಿಯಬೇಕು, ಮುಂಭಾಗದ ಅಂಚಿಗೆ ಮೂರು ಮಿಲಿಮೀಟರ್ ದೂರದಲ್ಲಿ. ಅಂಚಿನವರೆಗೆ ಬಂದ ಸೀಳು ಬಿಸಿಲಿನ ಕಾವಿಗೆ ಬಾಯಿ ಬಿಟ್ಟು ಮುಂಭಾಗಕ್ಕೂ ಹರಿಯುತ್ತದೆ.

ಕ್ಲಿಪ್ ಕೂರುವ ಕಡೆ, ಪಕ್ಕದ ಪ್ಯಾನೆಲ್ ಒಳಗೆ ತೂರುವ ನಾಲಿಗೆಗಳ ಮೇಲೆ ಫಿಲ್ಮ್ ಇರಬಾರದು. ಇದ್ದರೆ ಪ್ಯಾನೆಲ್ ಪೂರ್ತಿ ಕೂರದೆ, ಹದಗೆಟ್ಟ ರಸ್ತೆಯಲ್ಲಿ ಕಿರಿಕಿರಿ ಸದ್ದು ಮಾಡುತ್ತದೆ.

ಈಗ ಬಹಳ ಜನ ಬಿಟ್ಟುಬಿಡುವ ಹಂತ. ಎಳೆದು ಕೂರಿಸಿದ ಮೂಲೆ, ಗುಳಿ, ಅಂಚುಗಳನ್ನು ಕೊನೆಗೆ ಇನ್ನೊಮ್ಮೆ ಚೆನ್ನಾಗಿ ಬಿಸಿ ಮಾಡಬೇಕು. ಫಿಲ್ಮ್ ತಯಾರಕರು ಇದಕ್ಕೆ ಹೇಳುವ ಬಿಸಿ ಸುಮಾರು 90ರಿಂದ 110 ಡಿಗ್ರಿ ಸೆಲ್ಸಿಯಸ್. ಆ ಬಿಸಿ ತಾಗಿದರೆ ಫಿಲ್ಮಿನ ಒಳಗಿನ ಎಳೆತ ಸಡಿಲಗೊಂಡು ಹೊಸ ಆಕಾರವೇ ಅದರ ಆಕಾರವಾಗುತ್ತದೆ. ಆದರೆ ಒಳಗಿನ ಟ್ರಿಮ್ಮಿನಲ್ಲಿ ಹೆಚ್ಚಾಗಿ ಬಳಸುವ ಎಬಿಎಸ್ ಪ್ಲಾಸ್ಟಿಕ್ ಮೆತ್ತಗಾಗತೊಡಗುವುದೂ 105 ಡಿಗ್ರಿಯ ಆಸುಪಾಸಿನಲ್ಲೇ. ಥರ್ಮಾಮೀಟರ್ ತನ್ನಿ ಎಂದದ್ದು ಇದಕ್ಕೆ. ಹೀಟ್ ಗನ್ ಕಡಿಮೆ ಸೆಟ್ಟಿಂಗಿನಲ್ಲಿ, ಒಂದು ಗೇಣು ದೂರದಲ್ಲಿ, ಕ್ಷಣವೂ ನಿಲ್ಲಿಸದೆ ಆಡಿಸುತ್ತಾ 90ರಿಂದ 95ಕ್ಕೆ ತಂದು ಮುಂದಿನ ಜಾಗಕ್ಕೆ ಹೋಗಿ. ಬಿಸಿಯಾಗಿರುವಾಗಲೇ ಆ ಅಂಚನ್ನು ಸ್ಕ್ವೀಜಿಯ ಫೆಲ್ಟಿನಿಂದ ಒತ್ತಿ. ತೆಳ್ಳಗಿನ ಉದ್ದ ಪಟ್ಟಿಗಳು ಬಿಸಿಗೆ ಬಾಗುವುದುಂಟು, ಸಪಾಟಾದ ಮೇಜಿನ ಮೇಲೇ ಇಟ್ಟು, ಪೂರ್ತಿ ತಣಿಯುವವರೆಗೆ ಎತ್ತಬೇಡಿ.

ಬಿಸಿ ಮಾಡಿದ ಮೇಲೂ ಎದ್ದೇಳುವ ಹಟಮಾರಿ ಮೂಲೆಗೆ ಅಂಟಿನ ಹಿಡಿತ ಹೆಚ್ಚಿಸುವ 3ಎಂ ಪ್ರೈಮರ್ 94 ಎಂಬ ದ್ರವ ಸಿಗುತ್ತದೆ. ಹಿಂಬದಿಗೆ, ಅದೂ ತೆಳ್ಳಗೆ ಒಂದು ಗೆರೆ. ಮುಂಭಾಗಕ್ಕೆ ಬಳಿದರೆ ಮುಂದೆ ಫಿಲ್ಮ್ ಕೀಳುವಾಗ ಪ್ರೈಮರೂ ಅಂಟೂ ಪ್ಯಾನೆಲ್ ಮೇಲೇ ಉಳಿದು ಗೋಳಾಡಿಸುತ್ತವೆ. ಫೆವಿಕ್ವಿಕ್ ಹಾಕುವ ಯೋಚನೆ ಮಾಡಬೇಡಿ, ಅದು ಫಿಲ್ಮಿನ ಮೇಲೆ ಬಿಳಿ ಕಲೆ ಮಾಡುತ್ತದೆ.

ಒಂದು ದಿನ ಹಾಗೇ ಬಿಟ್ಟು, ಮಾರನೆಯ ದಿನ ಅಂಚುಗಳನ್ನು ಬೆರಳಿನಿಂದ ಸುತ್ತ ಸವರಿ ನೋಡಿ. ಎಲ್ಲಾದರೂ ಎದ್ದಿದ್ದರೆ ಈಗಲೇ ಸರಿಪಡಿಸಬಹುದು, ಕಾರಿಗೆ ಕೂರಿಸಿದ ಮೇಲಲ್ಲ.

ಹೊರಗಿನ ಕ್ರೋಮ್ ಪಟ್ಟಿಗಳು

ಕಿಟಕಿಯ ಕೆಳಗಿನ ಕ್ರೋಮ್ ಗೆರೆಯನ್ನು ಕಪ್ಪು ಮಾಡುವುದು ಈಗಿನ ಹುಚ್ಚು. ಇಲ್ಲಿ ಬಿಚ್ಚುವ ಅನುಕೂಲ ಸಾಮಾನ್ಯವಾಗಿ ಇರದು, ಕಾರಿನ ಮೇಲೇ ಮಾಡಬೇಕು. ಬೋರ್‌ವೆಲ್ ನೀರಿನಲ್ಲಿ ತೊಳೆದ ಕಾರಾದರೆ ಕ್ರೋಮ್ ಮೇಲೆ ಬಿಳಿ ಕಲೆ ಗಟ್ಟಿಯಾಗಿರುತ್ತದೆ. ನೀರು ಬೆರೆಸಿದ ವಿನೆಗರಿನಲ್ಲಿ ಒರೆಸಿ, ಕೂಡಲೇ ತೊಳೆದು, ಆಮೇಲೆ ಆಲ್ಕೊಹಾಲ್. ಮಂಗಳೂರು, ಕಾರವಾರ ಕಡೆ ಉಪ್ಪು ಗಾಳಿಗೆ ಕ್ರೋಮ್ ಹಕ್ಕಳೆ ಎದ್ದಿದ್ದರೆ ಫಿಲ್ಮ್ ಹಾಕಬೇಡಿ. ಹಕ್ಕಳೆಯ ಜೊತೆ ಫಿಲ್ಮೂ ಬರುತ್ತದೆ.

ಪಟ್ಟಿಗಿಂತ ಎರಡೂ ಬದಿ ಎರಡು ಸೆಂಟಿಮೀಟರ್ ಅಗಲ ಹೆಚ್ಚಿಟ್ಟು ಕತ್ತರಿಸಿ. ಮೇಲಿನ ಅಂಚು ಗಾಜಿನ ರಬ್ಬರಿನಡಿ ಸೇರಬೇಕು. ರಬ್ಬರಿನ ಸಂದಿಗೆ ದಪ್ಪ ಹತ್ತಿ ದಾರ ತೂರಿಸಿಟ್ಟರೆ ಅದು ಸ್ವಲ್ಪ ಎದ್ದು ನಿಲ್ಲುತ್ತದೆ, ಫಿಲ್ಮನ್ನು ಒಳಕ್ಕೆ ತಳ್ಳಿ ದಾರ ಎಳೆದುಕೊಂಡರೆ ರಬ್ಬರ್ ಅದನ್ನು ಅದುಮಿ ಹಿಡಿಯುತ್ತದೆ. ಕೆಳಗಿನ ಅಂಚಿನಲ್ಲಿ ಪೇಂಟ್ ಇರುವುದರಿಂದ ಬ್ಲೇಡು ಬಹಳ ಅಪಾಯಕಾರಿ. ಒಂದು ಗೆರೆ ಬಿದ್ದರೂ ಅಲ್ಲಿಂದ ತುಕ್ಕು ಶುರು. ನೈಫ್‌ಲೆಸ್ ಟೇಪ್ ಎಂಬ ತೆಳು ಪಟ್ಟಿ ಸಿಗುತ್ತದೆ. ಕತ್ತರಿಸಬೇಕಾದ ಗೆರೆಯ ಮೇಲೆ ಮೊದಲು ಅದನ್ನು ಅಂಟಿಸಿ, ಮೇಲೆ ಫಿಲ್ಮ್ ಕೂರಿಸಿ, ಟೇಪಿನೊಳಗಿನ ದಾರ ಎಳೆದರೆ ಫಿಲ್ಮ್ ಅಲ್ಲೇ ನೇರವಾಗಿ ಕತ್ತರಿಸಿಕೊಳ್ಳುತ್ತದೆ. ಬ್ಲೇಡು ಪೇಂಟಿನ ಹತ್ತಿರ ಸುಳಿಯುವುದೇ ಇಲ್ಲ. ಪಟ್ಟಿ ತಿರುಗುವ ತುದಿಗಳಲ್ಲಿ ಒಳ ಟ್ರಿಮ್ಮಿನಷ್ಟೇ ತಾಳ್ಮೆ ಬೇಕು. ಒಂದು ವಾರ ಪ್ರೆಶರ್ ವಾಶ್‌ಗೆ ಬಿಡಬೇಡಿ, ಆಮೇಲೂ ನೀರಿನ ಪೈಪನ್ನು ಅಂಚಿಗೆ ನೇರ ಹಿಡಿಯದಂತೆ ಹೇಳಿ.

ಆಮೇಲಿನ ಆರೈಕೆ, ಕೀಳುವುದು

ಒದ್ದೆ ಮೈಕ್ರೋಫೈಬರ್ ಬಟ್ಟೆ ಸಾಕು. ಮ್ಯಾಟ್ ಫಿಲ್ಮಿಗೆ ಪಾಲಿಶ್ ಹಚ್ಚಿದರೆ ತೇಪೆ ತೇಪೆಯಾಗಿ ಹೊಳೆಯುತ್ತದೆ. ವಾಶ್ ಮಾಡುವ ಹುಡುಗರಿಗೆ ಮುಂಚೆಯೇ ಹೇಳಿಬಿಡಿ.

ಕೀಳುವ ದಿನ ಬಂದಾಗ ಡ್ರೈಯರಿನಿಂದ ಸುಮಾರು 60 ಡಿಗ್ರಿಗೆ ಬಿಸಿ ಮಾಡಿ, ಒಂದು ಮೂಲೆ ಎತ್ತಿ, ಪ್ಯಾನೆಲ್ಲಿಗೆ ಹತ್ತಿರವಾಗಿ ಹಿಂದಕ್ಕೆ ಮಡಚಿಕೊಂಡು ನಿಧಾನ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ ಫಿಲ್ಮ್ ಹರಿದು ಅಂಟು ಉಳಿಯುತ್ತದೆ. ಉಳಿದ ಅಂಟಿಗೆ ಆಲ್ಕೊಹಾಲ್ ಹಚ್ಚಿದ ಬಟ್ಟೆಯನ್ನು ಒಂದೆರಡು ನಿಮಿಷ ಹೊದಿಸಿಟ್ಟು, ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಒಂದೇ ದಿಕ್ಕಿಗೆ ತಳ್ಳಿ. ಉರುಳೆ ಉರುಳೆಯಾಗಿ ಬರುತ್ತದೆ. ಅದೇ ಪ್ಯಾನೆಲ್ಲಿಗೆ ಹೊಸ ಫಿಲ್ಮ್ ಹಾಕುವುದಿದ್ದರೆ ಹಿಂಬದಿಯ ಅಂಚಿನ ಹಳೆಯ ಅಂಟನ್ನೂ ಪೂರ್ತಿ ತೆಗೆದು, ಸೋಪು ನೀರಿನಿಂದ ಮತ್ತೆ ಶುರು ಮಾಡಬೇಕು.